ಕೆಲಸ ಕಸಿಯುವ ಮೈಗಳ್ಳ

ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ, ಅಂದರೆ ನವೆಂಬರ್ ಹಿಂದೆಮುಂದೆ, ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆಯ ಯಾವ ಟೀ ಅಂಗಡಿಯಲ್ಲಿ ಹತ್ತು ನಿಮಿಷ ಕೂತರೂ ಎರಡು ಮಾತು ಕಿವಿಗೆ ಬೀಳುತ್ತವೆ. ಒಂದು: 'ಈ ಅಸ್ಸಾಮಿನೋರು ಶುದ್ಧ ಮೈಗಳ್ಳರು, ಮೇಸ್ತ್ರಿ ಆ ಕಡೆ ತಿರುಗಿದ್ರೆ ಸಾಕು, ಮೊಬೈಲ್ ಹಿಡಿದು ಕೂರ್ತಾರೆ.' ಇನ್ನೊಂದು: 'ಇವರು ಬಂದ್ಮೇಲೆ ನಮ್ಮೋರಿಗೆ ಕೆಲಸಾನೇ ಇಲ್ದಂಗಾಯ್ತು.' ಎರಡನ್ನೂ ಒಬ್ಬರೇ ಹೇಳುವುದುಂಟು, ಒಂದೇ ಲೋಟ ಟೀ ಮುಗಿಯುವಷ್ಟರಲ್ಲಿ. ಮೈಗಳ್ಳನಾದವನು ಕೆಲಸ ಕಸಿಯುವುದು ಹೇಗೆ ಎಂದು ಪಕ್ಕದಲ್ಲಿ ಕೂತವರು ಕೇಳುವುದಿಲ್ಲ. ಕೇಳಿದರೂ ಹೇಳಿದವರಿಗೆ ಅದೊಂದು ತೊಡಕಾಗಿ ಕಾಣುವುದಿಲ್ಲ.

ಇದನ್ನು ದಡ್ಡತನ ಎಂದು ತಳ್ಳಿಹಾಕಿದರೆ ಕೈಗೆ ಸಿಕ್ಕ ದಾರದ ತುದಿಯನ್ನು ಬಿಟ್ಟಂತೆ. ಹೊರಗಿನವರ ಮೇಲಿನ ದ್ವೇಷ ಎಂಬ ಗಂಟನ್ನು ಸುಪ್ತ ಮನಸ್ಸನ್ನು ಕೆದಕುವ ಮನೋವಿಶ್ಲೇಷಣೆ ಒಂದು ಕಡೆಯಿಂದ, ರಾಜಕೀಯ ಶಾಸ್ತ್ರ ಇನ್ನೊಂದು ಕಡೆಯಿಂದ ಬಿಡಿಸುತ್ತಾ ಬಂದು ನೂರು ವರ್ಷವಾಯಿತು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಅನುಮಾನ. ಆದರೆ ತೋಟದ ಲೈನ್ ಮನೆ (ಕೂಲಿಗಳ ಸಾಲುಮನೆ) ಮುಂದೆ ನಿಂತು ನೋಡಿದರೆ, ಯಾರೊಬ್ಬರೂ ಒಂಟಿಯಾಗಿ ಅರ್ಧ ದಾರಿ ದಾಟುವುದಿಲ್ಲ.

ಮೊದಲು ಪದಗಳ ಗೊಂದಲ ತೀರಿಸಿಕೊಳ್ಳಬೇಕು. ನಮ್ಮ ಪತ್ರಿಕೆಗಳಲ್ಲಿ 'ಜನಪ್ರಿಯ ಬಜೆಟ್' ಎಂದರೆ ಅಕ್ಕಿ, ಸಾಲಮನ್ನಾ, ಪುಕ್ಕಟೆ ಬಸ್ಸಿನ ಬಜೆಟ್. ಪಾಪ್ಯುಲಿಸಂ ಎಂಬ ಮಾತನ್ನು ಇಂಗ್ಲಿಷ್ ಚಾನೆಲ್ಲುಗಳೂ ಇದೇ ಅರ್ಥದಲ್ಲಿ ಬಳಸುತ್ತವೆ. ವಿದ್ವಾಂಸರ ಅರ್ಥ ಬೇರೆ. ಡಚ್ ರಾಜಕೀಯ ಶಾಸ್ತ್ರಜ್ಞ ಕಾಸ್ ಮುಡ್ಡೆ 2004ರಲ್ಲಿ ಕೊಟ್ಟ ವಿವರಣೆ ಈಗ ಹೆಚ್ಚು ಚಲಾವಣೆಯಲ್ಲಿದೆ: ಸಮಾಜದಲ್ಲಿ ಇರುವುದು ಎರಡೇ ಪಾಲು, ಒಂದು ಕಡೆ ಶುದ್ಧ ಜನ, ಇನ್ನೊಂದು ಕಡೆ ಕೆಟ್ಟುಹೋದ ದೊಡ್ಡವರು, ರಾಜಕಾರಣ ಎಂದರೆ ಆ ಜನರ ಒಂದೇ ಇಚ್ಛೆಯನ್ನು ಜಾರಿಗೆ ತರುವುದು. ಇದು ಬಲು ತೆಳು ಸಿದ್ಧಾಂತ. ತನ್ನಷ್ಟಕ್ಕೆ ನಿಲ್ಲಲಾರದು. ಮೆಣಸಿನ ಬಳ್ಳಿಗೆ ಹಬ್ಬಲು ಮರ ಬೇಕಿದ್ದಂತೆ ಇದಕ್ಕೂ ಒಂದು ಆಸರೆ ಬೇಕು. ಸಿಲ್ವರ್ ಓಕ್ ಆದರೂ ಸರಿ, ಹಲಸಾದರೂ ಸರಿ. ಎಡಪಂಥವಾದರೂ ಸರಿ, ಬಲಪಂಥವಾದರೂ ಸರಿ. ಜರ್ಮನಿಯ ರಾಜಕೀಯ ಚಿಂತಕ ಯಾನ್-ವೆರ್ನರ್ ಮ್ಯುಲರ್ 2016ರಲ್ಲಿ ಇದಕ್ಕೆ ಇನ್ನೊಂದು ಗೆರೆ ಎಳೆದರು: ದೊಡ್ಡವರನ್ನು ಬೈದ ಮಾತ್ರಕ್ಕೆ ಯಾರೂ ಪಾಪ್ಯುಲಿಸ್ಟ್ ಆಗುವುದಿಲ್ಲ, ತಮ್ಮನ್ನು ಬಿಟ್ಟು ಬೇರೆಯವರು ಜನರೇ ಅಲ್ಲ ಅಂದಾಗ ಆಗುತ್ತಾರೆ. ಕನ್ನಡದಲ್ಲಿ ಈ ವ್ಯತ್ಯಾಸ ಒಂದೇ ಸ್ವರದಲ್ಲಿ ಸಿಗುತ್ತದೆ. 'ನಾವೂ ಜನ' ಎಂಬುದು ಪ್ರಜಾಪ್ರಭುತ್ವದ ಬೇಡಿಕೆ. 'ನಾವೇ ಜನ' ಎಂಬುದು ಪಾಪ್ಯುಲಿಸಂ.

ಪಾಪ್ಯುಲಿಸಂ ಹುಟ್ಟುತ್ತಲೇ ಹೊರಗಿನವರ ಮೇಲೆ ಹಗೆ ಸಾಧಿಸಿದ್ದಲ್ಲ. 1892ರಲ್ಲಿ ಅಮೆರಿಕದ ಒಮಾಹಾ ಊರಲ್ಲಿ ತನ್ನ ಬೇಡಿಕೆ ಪಟ್ಟಿ ಹೊರಡಿಸಿದ, ಪಾಪ್ಯುಲಿಸ್ಟರೆಂದೇ ಹೆಸರಾದ ಪೀಪಲ್ಸ್ ಪಾರ್ಟಿಗೆ ಮುಖ್ಯ ಬೆನ್ನೆಲುಬು ರೈತರು. ಅವರ ಸಿಟ್ಟು ರೈಲ್ವೆ ಸಾಗಣೆ ದರ, ಬ್ಯಾಂಕಿನ ಸಾಲ, ಚಿನ್ನಕ್ಕೆ ಕಟ್ಟಿಹಾಕಿದ ನಾಣ್ಯದ ಮೇಲೆ. ರೈಲ್ವೆಯನ್ನು ಸರ್ಕಾರವೇ ನಡೆಸಲಿ, ಹೆಚ್ಚು ಆದಾಯದವರಿಗೆ ಹೆಚ್ಚು ತೆರಿಗೆ ಹಾಕಲಿ ಎಂದು ಕೇಳಿದರು. ಕಾಫಿ ರೇಟು, ಸಾಲದ ಬಡ್ಡಿ ಎರಡರ ನಡುವೆ ಸಿಕ್ಕಿಕೊಂಡ ಸಣ್ಣ ಬೆಳೆಗಾರನಿಗೆ ಇದು ಅಪರಿಚಿತ ಸಿಟ್ಟಲ್ಲ.

ಹೊರಗಿನವರ ಭಯಕ್ಕೆ ಯುರೋಪಿನ ಭಾಷೆಗಳಲ್ಲಿ ಜೀನೋಫೋಬಿಯಾ ಎಂಬ ಹೆಸರು. ಹಳೆಯ ಗ್ರೀಕಿನಲ್ಲಿ 'ಕ್ಸೆನೋಸ್' ಎಂದರೆ ಅಪರಿಚಿತನೂ ಹೌದು, ಅತಿಥಿಯೂ ಹೌದು. ಕನ್ನಡದ 'ಪರದೇಶಿ' ಅದಕ್ಕಿಂತ ಕಠೋರ, ಅದಕ್ಕಿಂತ ಮೃದು ಕೂಡ. ಬೇರೆ ನಾಡಿನವನು ಎಂಬುದು ಅದರ ಮೊದಲ ಅರ್ಥ. ದಿಕ್ಕಿಲ್ಲದವನು ಎಂಬುದು ರೂಢಿಯ ಅರ್ಥ. 'ಪಾಪ, ಪರದೇಶಿ' ಎನ್ನುವಾಗಲೂ ಅದೇ ಪದ, ಊರಿಂದ ಅಟ್ಟುವಾಗಲೂ ಅದೇ ಪದ.

ಈಗ ತೋಟಕ್ಕೆ ಬರೋಣ, ಯಾಕೆಂದರೆ ಮನಸ್ಸಿನ ಸಂಗತಿಗೆ ಹೋಗುವ ಮೊದಲು ಹೊಟ್ಟೆಯ ಸಂಗತಿ ನೋಡದಿದ್ದರೆ ಲೆಕ್ಕ ತಪ್ಪುತ್ತದೆ. ಅರೇಬಿಕಾ ಹಣ್ಣು ಎಲ್ಲ ಒಟ್ಟಿಗೆ ಕೆಂಪಾಗುವುದಿಲ್ಲ. ಒಂದೇ ಗಿಡಕ್ಕೆ ಮೂರು ನಾಲ್ಕು ಸುತ್ತು ಹೋಗಬೇಕು. ಅದು ಮುಗಿಯುವ ಹೊತ್ತಿಗೆ ರೋಬಸ್ಟಾ ಕಾದಿರುತ್ತದೆ. ಜನ ಸಿಗದೆ ತಡವಾದರೆ ಹಣ್ಣು ಗಿಡದಲ್ಲೇ ಒಣಗುತ್ತದೆ, ನೆಲಕ್ಕೆ ಉದುರುತ್ತದೆ, ಉಳಿದುಬಿದ್ದ ಹಣ್ಣಲ್ಲಿ ಕಾಯಿಕೊರಕ ಕೀಟ ಸಂಸಾರ ಹೂಡಿ ಮುಂದಿನ ವರ್ಷದ ಬೆಳೆಗೂ ಕಾಯುತ್ತದೆ. ಐದಾರು ಕೆಜಿ ಹಣ್ಣು ಕೊಯ್ದರೆ ಸಿಗುವುದು ಒಂದು ಕೆಜಿ ಕಾಫಿ ಬೀಜ. ಅಂದರೆ ಈ ಬೆಳೆ ನಿಂತಿರುವುದೇ ಕೈಗಳ ಲೆಕ್ಕದ ಮೇಲೆ. ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದ ಹುಡುಗರು ಬೆಂಗಳೂರಿಗೆ, ಗಾರ್ಮೆಂಟ್ಸಿಗೆ, ಹೋಟೆಲಿಗೆ ಹೋದರು. ಖಾಲಿಯಾದ ಲೈನಿಗೆ ಮೇಸ್ತ್ರಿ ಮುಂಗಡ ಕೊಟ್ಟು ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯ ತಂಡ ಕರೆತಂದ. ಎಲ್ಲಿಂದ ಬಂದರೂ ಊರಿನವರ ಬಾಯಲ್ಲಿ ಎಲ್ಲರೂ 'ಅಸ್ಸಾಮಿನೋರು'. ಕೋಪ ಬಂದಾಗ 'ಬಾಂಗ್ಲಾದೋರು'.

ತಂಡಕ್ಕೆ ಕೆಜಿ ಲೆಕ್ಕದಲ್ಲಿ ಕೂಲಿ. ವರ್ಷವಿಡೀ ದಿನಗೂಲಿಗೆ ಬರುವ ಊರಿನ ಹೆಂಗಸಿಗೆ ಇಲ್ಲೇ ಪೆಟ್ಟು ಬೀಳುವುದು. ಆಕೆಗೆ ಕೆಲಸ ಇಲ್ಲದಂತಾಗಿಲ್ಲ. ಕರೆದರೆ ಬರುವವರಿಲ್ಲ ಎಂದು ಸಾಹುಕಾರರೇ ಹೇಳುತ್ತಾರೆ. ಹೋಗಿದ್ದು ಕೆಲಸವಲ್ಲ, ಬಾಯಿ. 'ಈ ರೇಟಿಗೆ ಬರಲ್ಲ' ಎಂದು ಕುಯ್ಲಿನ ವಾರದಲ್ಲಿ ನಾಲ್ಕು ಜನ ಕೂತುಬಿಟ್ಟರೆ ಹಿಂದೆ ಸಾಹುಕಾರರು ರೇಟು ಏರಿಸುತ್ತಿದ್ದರು. ಈಗ ಮೇಸ್ತ್ರಿಗೆ ಒಂದು ಫೋನು ಹೋಗುತ್ತದೆ. ಆಕೆಯ ದೂರಿನಲ್ಲಿ ಸುಳ್ಳಿಲ್ಲ. ಆದರೆ ರೇಟು ಗೊತ್ತುಮಾಡಿದವರು ಯಾರು, ದೂರು ಬೀಳುತ್ತಿರುವುದು ಯಾರ ಮೇಲೆ?

'ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ', 'ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ'. ಮನೋವಿಶ್ಲೇಷಣೆ ಇದಕ್ಕೆ ಸ್ಥಾನಪಲ್ಲಟ ಎನ್ನುತ್ತದೆ: ಸಿಟ್ಟು ಹೋಗಬೇಕಾದ ಕಡೆ ಹೋಗಲಾರದೆ ಹತ್ತಿರದ, ಬಲವಿಲ್ಲದ, ತಿರುಗಿ ಮಾತಾಡದ ಕಡೆಗೆ ಹೊರಳುವುದು. ಸಾಹುಕಾರರ ಹತ್ತಿರ ಸಾಲ ಇದೆ, ಮಗಳ ಮದುವೆಗೆ ಅವರೇ ಆಗಬೇಕು. ಅಸ್ಸಾಮಿನ ಹುಡುಗನ ಹತ್ತಿರ ಏನೂ ಆಗಬೇಕಿಲ್ಲ. ಇಷ್ಟನ್ನು ಗಾದೆಯೇ ಹೇಳಿಬಿಟ್ಟಿತು. ಶಾಸ್ತ್ರ ಸೇರಿಸುವುದು ಮುಂದಿನದನ್ನು. ಕೊತ್ತಿಗೆ ಹೊಡೆದವರು ಒಂದು ಏಟು ಹಾಕಿ ಸುಮ್ಮನಾಗುತ್ತಾರೆ. ಹೊರಗಿನವರ ಮೇಲಿನ ಸಿಟ್ಟು ಸುಮ್ಮನಾಗುವುದಿಲ್ಲ, ದಿನದಿನಕ್ಕೆ ಕತೆ ಕಟ್ಟಿಕೊಂಡು ಬೆಳೆಯುತ್ತದೆ. ಅದಕ್ಕೆ ಬೇರೆಯೇ ಯಂತ್ರ ಬೇಕು.

ಆ ಯಂತ್ರವನ್ನು ಬಿಚ್ಚಿ ತೋರಿಸಿದವರಲ್ಲಿ ಮುಖ್ಯರು ಮನೋವಿಶ್ಲೇಷಕಿ ಮೆಲನಿ ಕ್ಲೈನ್. ವಿಯೆನ್ನಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕೆಲಸ ಮಾಡಿದವರು. ಅವರ ಪ್ರಕಾರ ಎಳೆಯ ಮಗುವಿಗೆ ಹಾಲು ಕೊಡುವ ತಾಯಿ, ಹಾಲು ಕೊಡದ ತಾಯಿ ಇಬ್ಬರೂ ಬೇರೆ ಬೇರೆ. ಒಬ್ಬಳು ಪೂರ್ತಿ ಒಳ್ಳೆಯವಳು, ಇನ್ನೊಬ್ಬಳು ಪೂರ್ತಿ ಕೆಟ್ಟವಳು. ಇದು ಸೀಳುವ ಕೆಲಸ. ಜೊತೆಗೆ ತನ್ನೊಳಗಿನ ಸಿಟ್ಟು, ದುರಾಸೆ, ಹಸಿವನ್ನು ಮಗು ಆ ಕೆಟ್ಟವಳೊಳಗೆ ತುಂಬಿ, ಅವಳೇ ತನ್ನನ್ನು ತಿನ್ನಲು ಬರುತ್ತಿದ್ದಾಳೆ ಎಂದು ಹೆದರುತ್ತದೆ. 1946ರ ಒಂದು ಪ್ರಬಂಧದಲ್ಲಿ ಕ್ಲೈನ್ ಇದನ್ನು ವಿವರವಾಗಿ ಬರೆದರು. ಬೆಳೆಯುತ್ತಾ ಮಗುವಿಗೆ ಇಬ್ಬರೂ ಒಬ್ಬಳೇ ಎಂದು ತಿಳಿಯುತ್ತದೆ; ತಿಳಿದಾಗ ಬೇಸರ, ಪಶ್ಚಾತ್ತಾಪ ಆಗುತ್ತದೆ. ಬೆಳವಣಿಗೆ ಎಂದರೆ ಆ ಬೇಸರವನ್ನು ತಾಳಿಕೊಳ್ಳುವುದು. ಗಮನಿಸಬೇಕಾದದ್ದು ಇಲ್ಲಿದೆ: ಸೀಳುವ ಆ ಹಳೆಯ ದಾರಿ ಮುಚ್ಚಿಹೋಗುವುದಿಲ್ಲ. ಬೆಳೆ ಕೆಟ್ಟಾಗ, ಬ್ಯಾಂಕು ತೋಟ ಹರಾಜಿಗೆ ಇಟ್ಟಾಗ, ಮಗ ಊರು ಬಿಟ್ಟಾಗ ದೊಡ್ಡವರೂ ಅದೇ ದಾರಿ ಹಿಡಿಯುತ್ತಾರೆ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬುದು, ತನ್ನೊಳಗಿನದನ್ನು ಇನ್ನೊಬ್ಬರ ಮೇಲೆ ಹೊರಿಸುವ ಈ ಆರೋಪಣೆಗೆ ಸರಿಯಾದ ಗಾದೆ. ಆದರೆ ಕಾಮಾಲೆಯವನಿಗೆ ಎಲ್ಲವೂ ಹಳದಿ. ಇಲ್ಲಿ ಒಬ್ಬನೇ ಹಳದಿ. ಯಾಕೆ ಅವನೊಬ್ಬನೇ? ಈ ಪ್ರಶ್ನೆಗೆ ಒಳ್ಳೆಯ ಉತ್ತರ ಬಂದದ್ದು ಫ್ರಾನ್ಸಿನ ಮನೋವಿಶ್ಲೇಷಕ ಜಾಕ್ ಲಕಾನ್ ಪರಂಪರೆಯಿಂದ, ಅದನ್ನು ರಾಜಕೀಯಕ್ಕೆ ಎಳೆದು ತಂದ ಸ್ಲೊವೇನಿಯಾದ ತತ್ವಜ್ಞಾನಿ ಸ್ಲಾವೊಯ್ ಜಿಜೆಕ್‌ರಿಂದ. ಯುಗೊಸ್ಲಾವಿಯಾ ಒಡೆಯುವ ಹೊತ್ತಲ್ಲಿ, 1990ರ ಆಸುಪಾಸು, ಅವರು ಬರೆದದ್ದರ ತಿರುಳು ಇದು: ನಮಗೆ ಕಸಿವಿಸಿ ಮಾಡುವುದು ಹೊರಗಿನವನ ಕೆಲಸವಲ್ಲ, ಅವನ ಸುಖ. ನಮ್ಮ ಸುಖವನ್ನು ಅವನು ಕದ್ದಿದ್ದಾನೆ ಎಂಬ ಭಾವನೆ. ಅವನ ಊಟದ ವಾಸನೆ, ಅವನ ಹಾಡಿನ ಸದ್ದು, ಕೆಲಸಕ್ಕೂ ಅವನಿಗೂ ಇರುವ ಸಂಬಂಧ, ಇವೆಲ್ಲ ಕಿರಿಕಿರಿ. ಅದಕ್ಕೇ ಅವನು ಮೈಗಳ್ಳನೂ ಆಗಬೇಕು, ಕೆಲಸದ ಹುಚ್ಚನೂ ಆಗಬೇಕು: ದುಡಿಯದೆ ಸುಖಪಟ್ಟರೆ ನಮ್ಮ ಬೆವರಿನ ಮೇಲೆ ಬದುಕುತ್ತಿದ್ದಾನೆ, ವಿಪರೀತ ದುಡಿದರೆ ನಮ್ಮ ಪಾಲಿನದನ್ನು ಬಾಚುತ್ತಿದ್ದಾನೆ. ಟೀ ಅಂಗಡಿಯ ಎರಡು ಮಾತುಗಳು ತರ್ಕದಲ್ಲಿ ಒಂದನ್ನೊಂದು ಕಡಿಯುತ್ತವೆ, ಭಾವನೆಯಲ್ಲಿ ಒಂದಕ್ಕೊಂದು ಊರುಗೋಲು.

ಲೈನ್ ಮನೆಯ ಹಿತ್ತಿಲಲ್ಲೇ ಇದನ್ನು ಪರೀಕ್ಷಿಸಬಹುದು. ದೂರು ಹೇಳುವವರನ್ನು 'ನಿಮಗೆ ನಿಜವಾಗಿ ಏನು ತೊಂದರೆ' ಎಂದು ಬಿಡದೆ ಕೇಳುತ್ತಾ ಹೋದರೆ ಮೂರನೆಯ ನಾಲ್ಕನೆಯ ಸಲಕ್ಕೆ ಕೂಲಿಯ ಮಾತು ಬದಿಗೆ ಸರಿದು ಸಾಸಿವೆ ಎಣ್ಣೆಯ ಘಾಟು, ಒಣಮೀನಿನ ನಾತ, ರಾತ್ರಿ ಮೊಬೈಲಿನ ಹಾಡು ಹೊರಬರುತ್ತವೆ. ಒಣಮೀನು! ಜಡಿಮಳೆಯಲ್ಲಿ ಒಣಮೀನು ಸಾರಿಲ್ಲದೆ ದಿನ ದೂಡದ ಮನೆಗಳು ಮಲೆನಾಡಿನಲ್ಲಿ ಎಷ್ಟಿಲ್ಲ. ನಮ್ಮ ಮನೆಯದು ಪರಿಮಳ, ಪಕ್ಕದ ಲೈನಿನದು ನಾತ. ಮೂಗು ಒಂದೇ.

ಇಷ್ಟು ಹತ್ತಿರವಿದ್ದರೂ ಇಷ್ಟು ಸಿಡುಕು ಯಾಕೆ ಎನ್ನುವುದಕ್ಕಿಂತ, ಹತ್ತಿರವಿರುವುದರಿಂದಲೇ ಸಿಡುಕು ಎನ್ನುವುದು ಮನೋವಿಶ್ಲೇಷಣೆಯ ಮೂಲಪುರುಷ ಫ್ರಾಯ್ಡ್ ಕೊಟ್ಟ ಸುಳಿವು. ಸ್ಪೇನ್-ಪೋರ್ಚುಗಲ್, ಉತ್ತರ ಜರ್ಮನ್-ದಕ್ಷಿಣ ಜರ್ಮನ್, ಇಂಗ್ಲಿಷ್-ಸ್ಕಾಟ್ ಜಗಳಗಳನ್ನು ಹೆಸರಿಸಿ, ಅಕ್ಕಪಕ್ಕದವರೇ ಸಣ್ಣ ವ್ಯತ್ಯಾಸವನ್ನು ಹಿಗ್ಗಿಸಿಕೊಂಡು ಬಡಿದಾಡುತ್ತಾರೆ ಎಂದು ಆತ ಬರೆದರು. ನಮ್ಮಲ್ಲಿ ಇದು ಬಹುಪಾಲು ತಮಾಷೆಯಾಗಿಯೇ ಉಳಿದಿದೆ. ಕೊಪ್ಪ-ಶೃಂಗೇರಿಯ 'ಎಂತ ಮಾರಾಯ' ಕೇಳಿ ಕಡೂರಿನವರು ನಗುತ್ತಾರೆ, ಚನ್ನರಾಯಪಟ್ಟಣದ 'ಏನ್ಲಾ' ಕೇಳಿ ಸಕಲೇಶಪುರದವರು ಮುಖ ಸಿಂಡರಿಸುತ್ತಾರೆ. ಘಟ್ಟದ ಮೇಲಿನವರು, ಕೆಳಗಿನವರು ಎಂಬ ಮಾತು ಇನ್ನೂ ಸತ್ತಿಲ್ಲ. ಬ್ರಿಟಿಷರ ಕಾಲದಲ್ಲಿ ಮೇಸ್ತ್ರಿಗಳು ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ ಆಳು ಕರೆತಂದಾಗ ಅವರೂ ಹೊರಗಿನವರೇ. ಅವರ ಮೊಮ್ಮಕ್ಕಳು ಇವತ್ತು 'ನಮ್ಮೋರು' ಎಂಬ ಲೆಕ್ಕದಲ್ಲಿ ಕೂತು ಅಸ್ಸಾಮಿನವರ ದೂರು ಹೇಳುತ್ತಾರೆ.

ಹೊರಗಿನವರು ಎಂಬುದು ಭೂಪಟದ ವಿಷಯವಲ್ಲ ಎನ್ನುವುದಕ್ಕೆ ಚಿಕ್ಕಮಗಳೂರಿಗಿಂತ ಒಳ್ಳೆಯ ಸಾಕ್ಷಿ ದೇಶದಲ್ಲೇ ಕಡಿಮೆ. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಯವರಿಗಾಗಿ ಡಿ.ಬಿ. ಚಂದ್ರೇಗೌಡರು ಲೋಕಸಭಾ ಸ್ಥಾನ ಬಿಟ್ಟುಕೊಟ್ಟರು. 1978ರ ನವೆಂಬರಿನ ಉಪಚುನಾವಣೆಯಲ್ಲಿ ಎದುರಾಳಿಯಾಗಿ ನಿಂತದ್ದು ಕರ್ನಾಟಕದವರೇ ಆದ, ಹಿಂದೆ ಮುಖ್ಯಮಂತ್ರಿಯಾಗಿದ್ದ ವೀರೇಂದ್ರ ಪಾಟೀಲರು. ಕನ್ನಡ ಬಾರದ ಅಭ್ಯರ್ಥಿ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. 'ಏಕ್ ಶೇರ್ನಿ, ಸೌ ಲಂಗೂರ್' ಎಂಬ ಘೋಷಣೆ ಗೋಡೆ ಗೋಡೆಗೂ ಬಂತು: ಒಂದು ಹೆಣ್ಣು ಸಿಂಹ, ನೂರು ಕೋತಿ. ಫ್ರಾಯ್ಡ್ 1921ರಲ್ಲಿ ಬರೆದ ಗುಂಪಿನ ಮನಶ್ಶಾಸ್ತ್ರ ಇದಕ್ಕೆ ಹೊಂದುತ್ತದೆ. ಪ್ರತಿಯೊಬ್ಬರೊಳಗೂ 'ನಾನು ಹೀಗಿರಬೇಕಿತ್ತು' ಎಂಬ ಒಂದು ಪೀಠ ಇರುತ್ತದೆ. ಬಹಳ ಜನ ಏಕಕಾಲಕ್ಕೆ ಆ ಪೀಠದ ಮೇಲೆ ಒಬ್ಬರನ್ನೇ ಕೂರಿಸಿದಾಗ ಅವರು ಗುಂಪಾಗುತ್ತಾರೆ, ತಮ್ಮ ತಮ್ಮೊಳಗೆ ಅಣ್ಣತಮ್ಮಂದಿರಾಗುತ್ತಾರೆ. ಪೀಠಕ್ಕೆ ಏರಿದವರ ಊರು ಯಾವುದೆಂದು ಯಾರೂ ಕೇಳುವುದಿಲ್ಲ. ಅವಮಾನಕ್ಕೆ ಒಳಗಾದ ಒಬ್ಬ ಹೆಂಗಸು, ಅವಳನ್ನು ಕಾಡುವ ದೊಡ್ಡವರ ದಂಡು. ಆ ಚಿತ್ರದಲ್ಲಿ ತೋಟದ ಕೂಲಿ ಹೆಂಗಸು ತನ್ನನ್ನೇ ಕಂಡಿದ್ದರೆ ಆಶ್ಚರ್ಯವಿಲ್ಲ. ಜರ್ಮನಿಯ ಚಿಂತಕ ಥಿಯೊಡೊರ್ ಅಡೊರ್ನೊ 1951ರಲ್ಲಿ ಇದಕ್ಕೆ ಒಂದು ಮಾತು ಸೇರಿಸಿದರು: ಇಂಥ ನಾಯಕ ದೇವರಷ್ಟು ದೊಡ್ಡವನಾಗಿಯೂ ಕಾಣಬೇಕು, ನಮ್ಮಂತೆ ಸಣ್ಣವನಾಗಿಯೂ ಕಾಣಬೇಕು.

ಆದರೆ ಪೀಠ, ಪ್ರತಿಮೆ ಎಂದು ಮನಸ್ಸಿನ ಭಾಷೆಯಲ್ಲೇ ಮುಗಿಸಿದರೆ ಒಂದು ಪ್ರಶ್ನೆ ಉಳಿಯುತ್ತದೆ. ಎಲ್ಲ ಊರಲ್ಲೂ ಎಲ್ಲ ಕಾಲಕ್ಕೂ ಮನಸ್ಸು ಇದ್ದದ್ದೇ. ಈ ಊರಲ್ಲಿ ಈ ವರ್ಷವೇ ಗುಂಪು ಕಟ್ಟಿಕೊಂಡದ್ದು ಯಾಕೆ? ಇಲ್ಲಿ ರಾಜಕೀಯ ಶಾಸ್ತ್ರವೇ ಬೇಕು. ಅರ್ಜೆಂಟೀನಾದಲ್ಲಿ ಹುಟ್ಟಿದ, ಅಲ್ಲಿನ ಅಧ್ಯಕ್ಷನಾಗಿದ್ದ ಪೆರೋನ್ ಚಳವಳಿಯ ಬಿಸಿ ಕಂಡ ರಾಜಕೀಯ ಚಿಂತಕ ಎರ್ನೆಸ್ಟೊ ಲಕ್ಲಾವ್ 2005ರಲ್ಲಿ ಕೊಟ್ಟ ವಿವರಣೆಯನ್ನು ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮೇಲೆ ಹಚ್ಚಿ ನೋಡೋಣ.

ಆಲೂರಿನವನಿಗೆ ಆನೆ ಕಾಟ. ಹಾಸನದ ಆಲೂಗಡ್ಡೆ ಬೆಳೆಗಾರನಿಗೆ ಜಲಂಧರ್‌ನಿಂದ ತರಿಸಿದ ಬಿತ್ತನೆ ಗಡ್ಡೆ ಮಣ್ಣಲ್ಲೇ ಕೊಳೆತದ್ದು, ಮೊಳೆತದ್ದಕ್ಕೆ ಅಂಗಮಾರಿ ರೋಗ. ಸಕಲೇಶಪುರದ ಅಂಗಡಿಯವನಿಗೆ ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ವ್ಯಾಪಾರ ಬಿದ್ದದ್ದು. ಕಡೂರಿನವನಿಗೆ ನೀರು. ಮೂರು ತಲೆಮಾರು ಲೈನ್ ಮನೆಯಲ್ಲೇ ಕಳೆದವಳಿಗೆ ಒಂದು ಸ್ವಂತ ಸೈಟು. ಈ ಐದಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಆನೆ ಓಡಿಸಿದರೆ ಅಂಗಮಾರಿ ಹೋಗುವುದಿಲ್ಲ. ಒಂದೊಂದಕ್ಕೂ ಒಂದೊಂದು ಕಚೇರಿ ಉತ್ತರ ಕೊಡುತ್ತಾ ಹೋದರೆ ಅವು ಬೇರೆ ಬೇರೆಯಾಗಿಯೇ ಉಳಿಯುತ್ತವೆ. ಉತ್ತರ ಬರದೆ ವರ್ಷಗಟ್ಟಲೆ ನಿಂತಾಗ ಐದಕ್ಕೂ ಒಂದು ಸಮಾನ ಗುಣ ಹುಟ್ಟುತ್ತದೆ. ಅದರ ಹೆಸರು 'ಕೇಳೋರಿಲ್ಲ'. ಲಕ್ಲಾವ್ ಹೇಳುವ ಸಮಾನತೆಯ ಸರಪಳಿ ಇದೇ. ಇನ್ನು ಆ ಸರಪಳಿಗೆ ಒಂದು ಹೆಸರು ಬೇಕು. ಐದೂ ಜನ ತಮ್ಮ ತಮ್ಮ ಅರ್ಥ ತುಂಬಿಕೊಳ್ಳುವಷ್ಟು ಖಾಲಿ ಇರುವ ಪದ: 'ಸ್ವಾಭಿಮಾನ', 'ನಮ್ಮ ನೆಲ', 'ಬದಲಾವಣೆ'. ಸ್ವಾಭಿಮಾನ ಎಂಬ ಮಾತು ಯಾವ ಪಕ್ಷದ ವೇದಿಕೆಗೂ ಸಲ್ಲುವುದು ಅದು ಖಾಲಿ ಕೊಡವಾಗಿರುವುದರಿಂದ. ಖಾಲಿ ಎಂದರೆ ಸುಳ್ಳು ಎಂದಲ್ಲ. 'ಉಳುವವನೇ ಭೂಮಿಯ ಒಡೆಯ' ಎಂಬ ಮಾತೂ ಬಹಳ ಜನರ ಆಸೆ ಹೊತ್ತಿತ್ತು, ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಿಂದ ಗೇಣಿದಾರರಿಗೆ ನೆಲವನ್ನೂ ಕೊಟ್ಟಿತು. (ಕಾಫಿ ತೋಟಗಳಿಗೆ ಮಾತ್ರ ಭೂಮಿತಿಯಿಂದ ವಿನಾಯಿತಿ ಇತ್ತು. ಲೈನ್ ಮನೆಯವರ ಪಾಲಿಗೆ ಆ ಕೊಡ ಖಾಲಿಯೇ.)

ಸರಪಳಿ ಕಟ್ಟಿದ ಮೇಲೆ ಅದು ಯಾವ ಕಡೆ ತಿರುಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಅಮೆರಿಕದ ಪತ್ರಕರ್ತ ಜಾನ್ ಜುಡಿಸ್ ಮಾಡುವ ವಿಂಗಡಣೆ ಸರಳ, ನೆನಪಿಡಲು ಯೋಗ್ಯ. ಎಡ ಪಾಪ್ಯುಲಿಸಂನಲ್ಲಿ ಎರಡು ಪಾತ್ರ: ಕೆಳಗೆ ಜನ, ಮೇಲೆ ದೊಡ್ಡವರು. ಬಲ ಪಾಪ್ಯುಲಿಸಂನಲ್ಲಿ ಮೂರು: ಜನ, ದೊಡ್ಡವರು, ಆ ದೊಡ್ಡವರು ತಲೆ ಮೇಲೆ ಕೂರಿಸಿಕೊಂಡಿರುವ ಮೂರನೆಯವರು. ಮನಸ್ಸಿನ ಯಂತ್ರ ರಾಜಕೀಯದ ಯಂತ್ರಕ್ಕೆ ಹಲ್ಲು ಕೂಡಿಸುವುದು ಈ ಮೂರನೆಯವನ ಬಳಿ.

ಹೇಗೆ ಕೂಡುತ್ತದೆ ಎಂದು ಒಂದು ವಾಯ್ಸ್ ಮೆಸೇಜಿನಲ್ಲಿ ನೋಡಬಹುದು. ಕೆಳಗಿನದು ಮಾದರಿಗೆಂದು ಕಟ್ಟಿದ್ದು, ಆದರೆ ಇದರ ಅಣ್ಣತಮ್ಮಂದಿರು ಎಲ್ಲರ ಫೋನಲ್ಲೂ ಇದ್ದಾರೆ.

'ಎಲ್ರೂ ತಪ್ಪದೆ ಕೇಳಿ, ನಮ್ಮ ಪಕ್ಕದ ಊರಲ್ಲೇ ಆಗಿದ್ದು. ನಲವತ್ತು ಜನ ರಾತ್ರೋರಾತ್ರಿ ಲಾರೀಲಿ ಬಂದು ಇಳಿದಿದಾರೆ. ಹಗಲು ಕೆಲಸ ಮಾಡಲ್ಲ, ರಾತ್ರಿಯೆಲ್ಲ ಹಾಡು ಕುಣಿತ. ದೊಡ್ಡೋರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡಲ್ಲ. ನಮ್ಮ ಹೆಣ್ಮಕ್ಕಳನ್ನ ನಾವೇ ಕಾಯ್ಕೋಬೇಕು.'

ಐದು ವಾಕ್ಯ, ಐದು ಕೆಲಸ. ಮೊದಲನೆಯದು ಹತ್ತಿರ ತರುತ್ತದೆ, ಆದರೆ ಊರಿನ ಹೆಸರಿಲ್ಲ, ತಾರೀಕಿಲ್ಲ. ಹಾಗಾಗಿ ಯಾವ ಊರಿಗೆ ಕಳಿಸಿದರೂ ಅದು ಪಕ್ಕದ ಊರೇ. ಎರಡನೆಯದು ಕತ್ತಲು ಮತ್ತು ಸಂಖ್ಯೆ. ನಲವತ್ತು ಜನರ ತಂಡ ಕುಯ್ಲಿಗೆ ಬರುವುದು ಮಾಮೂಲು, ದೂರದ ರೈಲು ಇಳಿದು ರಾತ್ರಿ ತಲುಪುವುದೂ ಮಾಮೂಲು. ನಿಜವಾದ ಸಂಗತಿಯ ಮೇಲೆ ನೆರಳು ಬೀಳಿಸುವುದಷ್ಟೇ ಇಲ್ಲಿನ ಕಸುಬು. ಮೂರನೆಯದು ಜಿಜೆಕ್ ಹೇಳಿದ ಸುಖದ ಕಳ್ಳತನ. ಐದನೆಯದು ಕೇಳುಗನಿಗೆ ಕಾವಲುಗಾರನ ಪಾತ್ರ ಕೊಡುತ್ತದೆ. ಹೊಡೆಯಲು ಹೊರಟವನು ತನ್ನ ಕಣ್ಣಿಗೆ ತಾನು ಕಾಯುವವನಾಗಿ ಕಾಣಬೇಕು, ಇಲ್ಲದಿದ್ದರೆ ಕೈ ಏಳುವುದಿಲ್ಲ.

ನಾಲ್ಕನೆಯದೇ ಕೀಲು. ಅದನ್ನು ತೆಗೆದು ಓದಿ: ಉಳಿಯುವುದು ಬರಿ ಪರಕೀಯ ದ್ವೇಷ. ಅದೊಂದನ್ನೇ ಇಟ್ಟುಕೊಂಡು ಓದಿ: ಬರಿ ಪಾಪ್ಯುಲಿಸಂ, ರೇಷನ್ ಅಂಗಡಿ ಮುಂದೆ ದಿನಾ ಕೇಳುವ ಮಾತು. ಎರಡನ್ನೂ ಕೂಡಿಸಿದಾಗ ಮೂರು ಪಾತ್ರದ ನಾಟಕ ಪೂರ್ತಿಯಾಗುತ್ತದೆ. ಜೊತೆಗೆ ಆ ವಾಕ್ಯ ಇಡೀ ಸುದ್ದಿಗೆ ಬೀಗ ಹಾಕುತ್ತದೆ. ಪೊಲೀಸರು ಸುಳ್ಳು ಎಂದರೆ 'ನೋಡಿ, ಹೇಳಲಿಲ್ವಾ, ಬಾಯಿ ಬಿಡಲ್ಲ ಅಂತ' ಎಂಬ ಉತ್ತರ ಮೊದಲೇ ಸಿದ್ಧ. ಅಲ್ಲಗಳೆದಷ್ಟೂ ಗಟ್ಟಿಯಾಗುವ ಸುದ್ದಿ ಅದು.

ಕರ್ನಾಟಕ ಇದರ ಬೆಲೆ ತೆತ್ತಿದೆ. 2012ರ ಆಗಸ್ಟಿನಲ್ಲಿ, ಅಸ್ಸಾಮಿನ ಕೊಕ್ರಝಾರ್ ಗಲಭೆಯ ಬೆನ್ನಿಗೆ, ಹಲ್ಲೆಯಾಗುತ್ತದೆ ಎಂಬ ಎಸ್ಸೆಮ್ಮೆಸ್ಸುಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ಕೇಂದ್ರ ಸರ್ಕಾರ 15 ದಿನ ಒಟ್ಟೊಟ್ಟಿಗೆ ಎಸ್ಸೆಮ್ಮೆಸ್ ಕಳಿಸುವುದನ್ನು ಐದಕ್ಕೆ ಮಿತಿಗೊಳಿಸಿತು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟ ಅಪರಿಚಿತರನ್ನು ಮಕ್ಕಳ ಕಳ್ಳರೆಂದು ಗುಂಪು ಹೊಡೆದು ಒಬ್ಬರು ಸತ್ತರು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದು ಎಂಬ ಮಿತಿ ತಂದಿತು. ಮಿತಿ ವೇಗವನ್ನು ಇಳಿಸುತ್ತದೆ, ಅಷ್ಟೇ. ನಾಲ್ಕನೆಯ ವಾಕ್ಯ ಎಷ್ಟು ನಿಧಾನ ಹೋದರೂ ಕೆಲಸ ಮಾಡುತ್ತದೆ.

ಇದಕ್ಕೆ ಎದುರಾಗಿ ಜನ ಮಾಡುವುದು ಬಹಳ ಸಲ ತಿರುಗುಬಾಣ. 'ಕಾಫಿ ಬೀಜವನ್ನೇ ಬಾಬಾಬುಡನ್ ಯೆಮೆನ್‌ನಿಂದ ತಂದದ್ದು, ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು, ಹೊರಗಿನದ್ದಲ್ಲದೆ ನಮ್ಮ ತೋಟದಲ್ಲಿ ಏನಿದೆ' ಎಂಬ ಜಾಣ ವಾದ ವೇದಿಕೆಯಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ, ಲೈನ್ ಮನೆ ಮುಂದೆ ಒಬ್ಬರ ಮನಸ್ಸನ್ನೂ ಬದಲಿಸುವುದಿಲ್ಲ. ಸಿಟ್ಟು ಮಾಹಿತಿಯ ಕೊರತೆಯಿಂದ ಹುಟ್ಟಿದ್ದಲ್ಲ, ಮಾಹಿತಿ ತುಂಬಿದರೆ ಹೋಗಲು. ಇನ್ನು ನಂಬಿದವರನ್ನು ಹಳ್ಳಿಗಮಾರರೆಂದು ಹೀಯಾಳಿಸಿದರೆ, ದೊಡ್ಡವರು ನಮ್ಮನ್ನು ಕೀಳಾಗಿ ಕಾಣುತ್ತಾರೆ ಎಂಬ ಸರಪಳಿಗೆ ನಾವೇ ಇನ್ನೊಂದು ಕೊಂಡಿ ಹಾಕಿಕೊಟ್ಟಂತೆ.

ಒಟ್ಟಿಗೆ ಬಾಳಿದರೆ ಸರಿಹೋಗುತ್ತದೆ ಎಂಬುದೂ ಅರ್ಧ ಸತ್ಯ. ಇಂಗ್ಲೆಂಡಿನ ಬಾಸ್ಟನ್ ಎಂಬ ಸಣ್ಣ ಊರು ತರಕಾರಿ ಹೊಲಗಳ ಸೀಮೆ. 2004ರ ನಂತರ ಪೂರ್ವ ಯುರೋಪಿನ ಕೃಷಿ ಕೂಲಿಗಳು ಅಲ್ಲಿಗೆ ಬೇಗ ಬೇಗ ಬಂದರು. 2016ರ ಬ್ರೆಕ್ಸಿಟ್ ಮತದಾನದಲ್ಲಿ ಅಲ್ಲಿ ಶೇ. 75.6 ಜನ ಯುರೋಪ್ ಒಕ್ಕೂಟ ಬಿಡಬೇಕು ಎಂದರು. ತಲೆಮಾರುಗಳಿಂದ ವಲಸಿಗರು ತುಂಬಿರುವ ಲಂಡನ್ನಿನಲ್ಲಿ ಶೇ. 59.9 ಜನ ಉಳಿಯಬೇಕು ಎಂದರು. ಹೊರಗಿನವರು ಎಷ್ಟಿದ್ದಾರೆ ಎಂಬುದಕ್ಕಿಂತ ಎಷ್ಟು ಬೇಗ ಬಂದರು ಎಂಬುದು ಮುಖ್ಯ ಎನ್ನುವವರು ಈ ಲೆಕ್ಕವನ್ನು ಮುಂದಿಡುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಒಡನಾಟಕ್ಕೆ ನಾಲ್ಕು ಷರತ್ತು ಹಾಕಿದ್ದರು: ಸಮಾನ ಸ್ಥಾನ, ಒಂದೇ ಗುರಿ, ಕೂಡಿ ಮಾಡುವ ಕೆಲಸ, ಮೇಲಿನವರ ಬೆಂಬಲ. ತೋಟದಲ್ಲಿ ಗುರಿ ಒಂದೇ, ಆದರೆ ಒಬ್ಬರಿಗೆ ಕೆಜಿ ಲೆಕ್ಕ, ಇನ್ನೊಬ್ಬರಿಗೆ ದಿನದ ಲೆಕ್ಕ. ಲೈನು ಬೇರೆ, ಕೊಯ್ಯುವ ಪಟ್ಟೆ ಬೇರೆ. ನಾಲ್ಕೂ ಷರತ್ತು ಸಿಗುವ ಜಾಗ ಸರ್ಕಾರಿ ಶಾಲೆ. ಅಲ್ಲಿ ವಲಸೆ ಬಂದವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಕನ್ನಡ ಮಗ್ಗಿ ಒಪ್ಪಿಸುತ್ತಾರೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯಲ್ಲಿ ಕುಹಕವೂ ಇದೆ, ದಾರಿಯೂ ಇದೆ: ನೀರಿನ ಜಾಗ ಒಂದೇ ಇದ್ದರೆ ಮುಖ ನೋಡಲೇಬೇಕು.

ಹೆಚ್ಚು ಉಪಯೋಗಕ್ಕೆ ಬರುವುದು ಲಕ್ಲಾವ್ ಸರಪಳಿಯನ್ನು ಹಿಂದುಮುಂದಾಗಿ ಬಿಚ್ಚುವುದು. ಅಸ್ಸಾಮಿನೋರು ಎಂಬ ಒಂದೇ ಪದದಲ್ಲಿ ಗಂಟು ಬಿದ್ದಿರುವ ದೂರುಗಳನ್ನು ಬಿಡಿಬಿಡಿಯಾಗಿ ಹರಡಬೇಕು. ಕೂಲಿ ಇಳಿದಿದೆಯೇ? ಅದು ಮೇಸ್ತ್ರಿ ಮತ್ತು ಸಾಹುಕಾರರ ನಡುವಿನ ಲೆಕ್ಕ, ಕಾರ್ಮಿಕ ಇಲಾಖೆಯ ವಿಷಯ, ಕೆಜಿ ರೇಟು ಎರಡೂ ಗುಂಪಿಗೆ ಒಂದೇ ಆದರೆ ಜಗಳದ ಬೇರಿಗೇ ಕೊಡಲಿ. ಯಾರು ಎಲ್ಲಿಯವರೆಂಬ ಅನುಮಾನವೇ? ಅದು ತೋಟದವರು ಇಡಬೇಕಾದ ದಾಖಲೆ, ಠಾಣೆಯ ಕೆಲಸ. ರಸ್ತೆಯಲ್ಲಿ ನಿಲ್ಲಿಸಿ ಆಧಾರ್ ಕೇಳುವ ಹುಡುಗರದ್ದಲ್ಲ. ಕಳ್ಳತನವೇ? ಕದ್ದವನ ಹೆಸರಲ್ಲಿ ದೂರು, ಅವನ ರಾಜ್ಯದ ಹೆಸರಲ್ಲಿ ಅಲ್ಲ. ಹೀಗೆ ಹರಡಿದಾಗ ಕೊನೆಗೆ ಏನೋ ಒಂದು ಉಳಿಯುತ್ತದೆ, ಯಾವ ಕಚೇರಿಗೂ ಸೇರದ್ದು: ಸಾಸಿವೆ ಎಣ್ಣೆಯ ಘಾಟು. ಅದು ಮನೋವಿಶ್ಲೇಷಣೆಯ ಪಾಲು.

ಆ ಪಾಲಿಗೂ ಮಿತಿ ಇದೆ. ಗುಂಪನ್ನು ಮಂಚದ ಮೇಲೆ ಮಲಗಿಸಿ ಕನಸು ಕೇಳಲಾಗುವುದಿಲ್ಲ. ಅಡೊರ್ನೊ ಮತ್ತು ಸಂಗಡಿಗರು 1950ರಲ್ಲಿ ಸರ್ವಾಧಿಕಾರಿ ಮನೋಭಾವ ಅಳೆಯಲು ಎಫ್ ಸ್ಕೇಲ್ ಎಂಬ ಪ್ರಶ್ನಾವಳಿ ಮಾಡಿದಾಗ, ಎಲ್ಲ ಹೇಳಿಕೆಗೂ 'ಹೌದು' ಎಂದವರಿಗೆ ಹೆಚ್ಚು ಅಂಕ ಬರುವಂತೆ ಬರೆದಿದ್ದರು. ಏನು ಕೇಳಿದರೂ ಹೂಂ ಎನ್ನುವ ಸಂಕೋಚದವರೂ ಸರ್ವಾಧಿಕಾರಿ ಲೆಕ್ಕಕ್ಕೆ ಬಿದ್ದರು. 1964ರಲ್ಲಿ ಅಮೆರಿಕದ ಒಂದು ಪತ್ರಿಕೆ ಅಧ್ಯಕ್ಷ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಬಗ್ಗೆ ಮನೋವೈದ್ಯರ ಅಭಿಪ್ರಾಯ ಕೇಳಿದಾಗ 1,189 ಜನ ಅವರನ್ನು ಒಮ್ಮೆಯೂ ಪರೀಕ್ಷಿಸದೆ ಅನರ್ಹರೆಂದರು. ಗೋಲ್ಡ್‌ವಾಟರ್ ಮೊಕದ್ದಮೆ ಹೂಡಿ ಗೆದ್ದರು. ಪರೀಕ್ಷಿಸದವರ ಬಗ್ಗೆ ರೋಗನಿರ್ಣಯ ಹೇಳಕೂಡದು ಎಂಬ ನಿಯಮವನ್ನು ಅಲ್ಲಿನ ಮನೋವೈದ್ಯರ ಸಂಘ 1973ರಲ್ಲಿ ತಂದಿತು. ಎದುರಾಳಿಗೆ ಮಾತ್ರ ಸುಪ್ತ ಮನಸ್ಸಿದೆ, ನಮಗಿಲ್ಲ ಎಂದುಕೊಂಡ ಕ್ಷಣ ಮನೋವಿಶ್ಲೇಷಣೆ ತಾನೇ ಸೀಳುವ ಯಂತ್ರವಾಗುತ್ತದೆ: ಪೂರ್ತಿ ಆರೋಗ್ಯವಂತರು ಈ ಕಡೆ, ಪೂರ್ತಿ ರೋಗಿಗಳು ಆ ಕಡೆ.

ಕ್ಲೈನ್ ಹೇಳುವ ಬೆಳವಣಿಗೆ ಟೀ ಅಂಗಡಿಯ ಭಾಷೆಯಲ್ಲಿ ಹೇಗಿರುತ್ತದೆ ಎಂದರೆ, ಅದಕ್ಕೆ ಯಾವ ಗಾಂಭೀರ್ಯವೂ ಇರುವುದಿಲ್ಲ. ಯಾರೋ ಒಬ್ಬರು ಲೋಟ ಕೆಳಗಿಟ್ಟು, 'ಅವರಲ್ಲೂ ಮೈಗಳ್ಳರಿದಾರೆ, ನಮ್ಮಲ್ಲೂ ಇದಾರೆ ಬಿಡಿ. ಅದಿರ್ಲಿ, ಈ ಸಲ ಕೆಜಿಗೆ ಎಷ್ಟಂತೆ?' ಎನ್ನುತ್ತಾರೆ.